ಹಾಡಿ, ತಾಂಡಾ, ತೋಟ: ಮಗುವಿನ ಜೊತೆ ಸಾಗಬೇಕಾದ ಲಸಿಕೆ ದಾಖಲೆ

ಹುಟ್ಟಿದ ದಿನದಿಂದ ಎರಡು ವರ್ಷ ತುಂಬುವುದರೊಳಗೆ ಪ್ರತಿ ಮಗುವೂ ಕನಿಷ್ಠ ಆರು ಸಲ ಲಸಿಕೆಗಾಗಿ ಆರೋಗ್ಯ ಕಾರ್ಯಕರ್ತೆಯ ಮುಂದೆ ಬರಬೇಕೆಂಬುದು ಭಾರತದ ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯ ನಿಯಮ. ಹುಟ್ಟಿದೊಡನೆ ಕ್ಷಯದ ವಿರುದ್ಧ ಬಿಸಿಜಿ, ಹೆಪಟೈಟಿಸ್-ಬಿ ಚುಚ್ಚುಮದ್ದು ಮತ್ತು ಪೋಲಿಯೊ ಹನಿ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಹಾಗೂ ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು ಈ ಐದನ್ನೂ ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್, ಅದರ ಜೊತೆಗೆ ಭೇದಿಯನ್ನು ತಡೆಯುವ ರೋಟಾವೈರಸ್ ಹನಿ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾದ ಚುಚ್ಚುಮದ್ದು. ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಅದರ ಎರಡನೆಯ ಡೋಸ್ ಮತ್ತು ಡಿಪಿಟಿ ಬೂಸ್ಟರ್. ಈ ಸರಣಿಯಲ್ಲಿ ಶರೀರದ ಮೇಲೆ ಶಾಶ್ವತ ಗುರುತು ಬಿಡುವುದು ಎಡತೋಳಿನಲ್ಲಿ ಸಣ್ಣ ಕಲೆಯಾಗಿ ಉಳಿಯುವ ಬಿಸಿಜಿ ಒಂದೇ, ಅದೂ ಎಲ್ಲ ಮಕ್ಕಳಲ್ಲಿ ಕಾಣಿಸುವುದಿಲ್ಲ. ತೊಡೆಗೆ ಕೊಟ್ಟ ಪೆಂಟಾವೇಲೆಂಟ್ ಎರಡು ಬಾರಿ ಆಗಿದೆಯೋ ಮೂರು ಬಾರಿಯೋ, ಬಾಯಿಗೆ ಹಾಕಿದ ಹನಿ ಯಾವ ತಿಂಗಳಿನದು ಎಂಬುದನ್ನು ಮಗುವನ್ನು ಎಷ್ಟು ಪರೀಕ್ಷಿಸಿದರೂ ತಿಳಿಯಲಾಗದು. ಆದುದರಿಂದ ಲಸಿಕೆಯ ಮಟ್ಟಿಗೆ ಬರಹದ ದಾಖಲೆಯೆಂಬುದು ಕಚೇರಿಯ ಔಪಚಾರಿಕತೆಯಾಗಿರದೆ ಚಿಕಿತ್ಸೆಯ ಅವಿಭಾಜ್ಯ ಅಂಗವೇ ಆಗಿದೆ. ಅದು ಕಳೆದುಹೋದರೆ ಮುಂದಿನ ಡೋಸನ್ನು ನಿರ್ಧರಿಸಬೇಕಾದ ಕಾರ್ಯಕರ್ತೆ ಊಹೆಯ ಮೇಲೆ ನಡೆಯಬೇಕಾಗುತ್ತದೆ.

ಪಟ್ಟಣದ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿ, ಅಲ್ಲಿಯೇ ಎಲ್ಲ ಲಸಿಕೆಯನ್ನೂ ಪಡೆಯುವ ಮಗುವಿಗೆ ಈ ಸಮಸ್ಯೆ ಅಷ್ಟಾಗಿ ತಟ್ಟುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡು, ಹೆಗ್ಗಡದೇವನಕೋಟೆಯ ಜೇನುಕುರುಬರ ಹಾಡಿ, ಕಲಬುರಗಿ ಮತ್ತು ವಿಜಯಪುರದ ಕಡೆಯ ಲಂಬಾಣಿ ತಾಂಡಾ, ಕೊಡಗಿನ ಕಾಫಿ ತೋಟದ ಲೈನ್ ಮನೆ ಇಂಥಲ್ಲಿ ಬೆಳೆಯುವ ಮಗುವಿನ ಲೆಕ್ಕ ಮಾತ್ರ ಹಲವು ಕೈಗಳಲ್ಲಿ ಹಂಚಿಹೋಗಿರುತ್ತದೆ. ಹಂಚಿಹೋದ ಆ ಲೆಕ್ಕವನ್ನು ಒಂದೆಡೆ ಕೂಡಿಸಿ, ಮಗು ಯಾವ ಊರಿನಲ್ಲಿದ್ದರೂ ಅಲ್ಲಿನ ಕಾರ್ಯಕರ್ತೆಗೆ ತಕ್ಷಣ ಸಿಗುವಂತೆ ಮಾಡುವ ವ್ಯವಸ್ಥೆಯನ್ನೇ ಹಂಚಿಕೆಯ ಲಸಿಕೆ ದಾಖಲೆ ಎನ್ನಬಹುದು. ಇದನ್ನು ಕಟ್ಟುವ ಕೆಲಸ ಮೇಲ್ನೋಟಕ್ಕೆ ಕಂಪ್ಯೂಟರಿನದಾಗಿ ತೋರಿದರೂ ಅದರ ಸೋಲು ಗೆಲುವು ನಿಂತಿರುವುದು ಹಳ್ಳಿಯ ಬದುಕನ್ನೂ ಕೆಳಹಂತದ ಆರೋಗ್ಯ ಸಿಬ್ಬಂದಿಯ ದಿನಚರಿಯನ್ನೂ ಅದು ಎಷ್ಟು ಅರಿತುಕೊಂಡಿದೆ ಎಂಬುದರ ಮೇಲೆ.

ಮೇಲಕ್ಕೆ ಹೋಗುವ ಅಂಕಿ, ಕೆಳಗೆ ಉಳಿಯುವ ಹೆಸರು

ಭಾರತದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ 1978ರಲ್ಲಿ ಆರಂಭವಾಗಿ, 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ರೂಪುಗೊಂಡಿತು. ವರ್ಷಕ್ಕೆ ಸುಮಾರು 2.6 ಕೋಟಿ ನವಜಾತ ಶಿಶುಗಳನ್ನು ತಲುಪುವ ಗುರಿಯಿರುವ ಇದು ಜಗತ್ತಿನ ಅತಿ ದೊಡ್ಡ ಲಸಿಕಾ ಕಾರ್ಯಕ್ರಮಗಳಲ್ಲೊಂದು. ಇದರ ತಳಹದಿ ಉಪಕೇಂದ್ರ. ಬಯಲು ಪ್ರದೇಶದಲ್ಲಿ 5,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 3,000 ಜನರಿಗೆ ಒಂದರಂತೆ ಇರಬೇಕಾದ ಈ ಉಪಕೇಂದ್ರದ ಎಎನ್‌ಎಂ, ಅಂದರೆ ಹಳ್ಳಿಗರು ಸಿಸ್ಟರ್ ಎಂದೋ ನರ್ಸಮ್ಮ ಎಂದೋ ಕರೆಯುವ ಮಹಿಳಾ ಆರೋಗ್ಯ ಸಹಾಯಕಿ, ಲಸಿಕೆ ಹಾಕುವವಳೂ ಹೌದು, ಬರೆಯುವವಳೂ ಹೌದು. ಮಕ್ಕಳನ್ನು ಕರೆತರುವುದು ಆಶಾ ಕಾರ್ಯಕರ್ತೆ. ಜಾಗ ಒದಗಿಸುವುದು ಬಹುಮಟ್ಟಿಗೆ ಅಂಗನವಾಡಿ.

ಒಂದು ಡೋಸ್ ಹಾಕಿದ ಮೇಲೆ ಅದು ಎಷ್ಟು ಕಡೆ ಬರಹಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಕರ್ನಾಟಕದಲ್ಲಿ ತಾಯಿ ಕಾರ್ಡ್ ಎಂದು ಹೆಸರಾಗಿರುವ, ತಾಯಿ ಮತ್ತು ಮಗುವಿನ ರಕ್ಷಣಾ ಪುಸ್ತಿಕೆಯಲ್ಲಿ ದಿನಾಂಕವನ್ನು ತುಂಬಬೇಕು. ಅದರ ಪ್ರತಿಚೀಟಿ ಉಪಕೇಂದ್ರದಲ್ಲಿ ಉಳಿಯಬೇಕು. ಅಂದಿನ ಲೆಕ್ಕಕ್ಕೆ ಟ್ಯಾಲಿ ಶೀಟಿನಲ್ಲಿ ಗೆರೆ ಎಳೆಯಬೇಕು. ಆರ್‌ಸಿಎಚ್ ಎಂಬ ದಪ್ಪ ರಿಜಿಸ್ಟರಿನಲ್ಲಿ ಆ ಮಗುವಿನ ಸಾಲನ್ನು ಹುಡುಕಿ ಬರೆಯಬೇಕು. ಬಳಿಕ ಅದೇ ವಿವರವನ್ನು ಪೋರ್ಟಲ್ಲಿಗೆ ಏರಿಸಬೇಕು. ತಿಂಗಳ ಕೊನೆಗೆ ಒಟ್ಟು ಸಂಖ್ಯೆಯನ್ನು ವರದಿಯಾಗಿ ಕಳುಹಿಸಬೇಕು. ಅಂಗನವಾಡಿಯ ದಾಖಲೆ ಇದರಿಂದ ಬೇರೆ, ಖಾಸಗಿ ಮಕ್ಕಳ ವೈದ್ಯರ ಫೈಲು ಇನ್ನೂ ಬೇರೆ.

ಇವುಗಳಲ್ಲಿ ಪ್ರತಿಚೀಟಿಯ ಬಳಕೆ ವಿಶೇಷವಾಗಿ ಗಮನಾರ್ಹ. ಟಿಕ್ಲರ್ ಬ್ಯಾಗ್ ಎಂಬ ಹೆಸರಿನ, ತಿಂಗಳಿಗೊಂದರಂತೆ ಜೇಬುಗಳನ್ನು ಹೊಲಿದು ಉಪಕೇಂದ್ರದ ಗೋಡೆಗೆ ತೂಗುಹಾಕುವ ಬಟ್ಟೆಯ ಚೀಲವೊಂದಿದೆ. ಮಗುವಿಗೆ ಮುಂದಿನ ಡೋಸ್ ಯಾವ ತಿಂಗಳಲ್ಲಿ ಬೀಳಬೇಕೋ ಆ ತಿಂಗಳ ಜೇಬಿನಲ್ಲಿ ಅದರ ಪ್ರತಿಚೀಟಿಯನ್ನು ಇಡಲಾಗುತ್ತದೆ. ಡೋಸ್ ಆದೊಡನೆ ಚೀಟಿ ಮುಂದಿನ ಜೇಬಿಗೆ ಹೋಗುತ್ತದೆ. ತಿಂಗಳು ಮುಗಿದರೂ ಅದೇ ಜೇಬಿನಲ್ಲಿ ಉಳಿದ ಚೀಟಿಗಳೇ ತಪ್ಪಿಹೋದ ಮಕ್ಕಳ ಪಟ್ಟಿ. ವಿದ್ಯುತ್ತಾಗಲಿ ನೆಟ್‌ವರ್ಕಾಗಲಿ ಬೇಡದ ಈ ಸರಳ ಸಾಧನ, ದಾಖಲೆಯೊಂದು ಮಾಡಬೇಕಾದ ಮುಖ್ಯ ಕೆಲಸವನ್ನು, ಎಂದರೆ ಇನ್ನೂ ಬರಬೇಕಾದವರು ಯಾರೆಂದು ಹೆಸರು ಹಿಡಿದು ಹೇಳುವ ಕೆಲಸವನ್ನು, ಅಚ್ಚುಕಟ್ಟಾಗಿ ಮಾಡುತ್ತದೆ. ಅದರ ಕೊರತೆ ಒಂದೇ: ಆ ಉಪಕೇಂದ್ರದ ಗಡಿ ದಾಟಿದ ಮಗುವಿನ ಬಗ್ಗೆ ಅದಕ್ಕೆ ಏನೂ ತಿಳಿಯದು.

ಮೇಲಿನ ಕಚೇರಿಗಳಿಗೆ ತಲುಪುವುದು ಹೆಸರುಗಳಲ್ಲ, ಒಟ್ಟು ಅಂಕಿಗಳು. ಒಂದು ಉಪಕೇಂದ್ರದಲ್ಲಿ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಬಹುದೆಂದು ಜನಸಂಖ್ಯೆ ಮತ್ತು ಜನನ ಪ್ರಮಾಣದಿಂದ ಅಂದಾಜು ಮಾಡಿ, ಹಾಕಿದ ಡೋಸುಗಳನ್ನು ಆ ಅಂದಾಜಿನಿಂದ ಭಾಗಿಸಿದಾಗ ಸಾಧನೆಯ ಶೇಕಡಾವಾರು ಸಿಗುತ್ತದೆ. ವಲಸೆ ಬಂದವರ ಮಕ್ಕಳಿಗೂ ಅಲ್ಲಿ ಲಸಿಕೆ ಹಾಕಿದ್ದರೆ ಸಾಧನೆ ಶೇ 100ನ್ನೂ ಮೀರಬಹುದು; ಆ ಹೊತ್ತಿಗೇ ಅದೇ ಊರಿನ ಕೊನೆಯ ಹಾಡಿಯಲ್ಲಿ ಒಂದು ಡೋಸನ್ನೂ ಕಾಣದ ಮಕ್ಕಳು ಇರಬಹುದು. ಅಂಕಿ ಕಾರ್ಯಕ್ರಮದ ಆರೋಗ್ಯವನ್ನು ತಿಳಿಸಬಲ್ಲದೇ ಹೊರತು ಮಗುವಿನ ಆರೋಗ್ಯವನ್ನು ತಿಳಿಸಲಾರದು.

ಲೆಕ್ಕ ಹರಿದುಹೋಗುವುದು ಎಲ್ಲಿ?

ಲಸಿಕೆ ತಪ್ಪಿದ ಮಕ್ಕಳನ್ನು ಆರೋಗ್ಯ ಇಲಾಖೆ ಎರಡು ಗುಂಪಾಗಿ ನೋಡುತ್ತದೆ. ಒಂದು ಡೋಸನ್ನೂ ಪಡೆಯದೆ ಪಟ್ಟಿಯಿಂದಲೇ ಹೊರಗುಳಿದವರು ಮೊದಲನೆಯ ಗುಂಪು. ಪೆಂಟಾವೇಲೆಂಟ್‌ನ ಮೊದಲ ಡೋಸೂ ಸಿಗದ ಇಂಥ ಮಕ್ಕಳನ್ನು ಶೂನ್ಯ ಡೋಸ್ ಮಕ್ಕಳು ಎನ್ನುತ್ತಾರೆ. ಆರಂಭದ ಡೋಸುಗಳನ್ನು ಪಡೆದು ನಡುವೆ ಬಿಟ್ಟವರು ಎರಡನೆಯ ಗುಂಪು. ಹೊರಗುಳಿದವರನ್ನು ಕಂಡುಹಿಡಿಯಲು ಮನೆಮನೆ ಸಮೀಕ್ಷೆ ಬೇಕು. ನಡುವೆ ಬಿಟ್ಟವರನ್ನು ಕಂಡುಹಿಡಿಯಲು ದಾಖಲೆ ಸಾಕು, ಆದರೆ ಆ ದಾಖಲೆ ಮಗುವಿನೊಡನೆ ಊರಿಂದೂರಿಗೆ ಚಲಿಸುವಂತಿರಬೇಕು.

ಚಲನೆ ಎಂದೊಡನೆ ವಲಸೆಯೇ ನೆನಪಾಗುವುದು ಸಹಜ. ಕಲ್ಯಾಣ ಕರ್ನಾಟಕದ ತಾಂಡಾಗಳಿಂದ ಮುಂಬೈ, ಪುಣೆ, ಗೋವಾ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳು, ಕಬ್ಬು ಕಡಿಯುವ ಕಾಲಕ್ಕೆ ಮಹಾರಾಷ್ಟ್ರದಿಂದ ಬೆಳಗಾವಿಯ ಕಡೆಗೆ ಬರುವ ತಂಡಗಳು, ಅಸ್ಸಾಂ ಮೊದಲಾದ ರಾಜ್ಯಗಳಿಂದ ಕಾಫಿ ತೋಟಗಳಿಗೆ ಬಂದು ನೆಲೆಸುವ ಕಾರ್ಮಿಕರು ಇವರೆಲ್ಲರ ಮಕ್ಕಳ ವೇಳಾಪಟ್ಟಿ ಎರಡು ಮೂರು ಜಿಲ್ಲೆಗಳಲ್ಲಿ, ಕೆಲವೊಮ್ಮೆ ಎರಡು ರಾಜ್ಯಗಳಲ್ಲಿ, ಹರಡಿರುತ್ತದೆ. ಆದರೆ ವಲಸೆಯೇ ಇಲ್ಲದ ಕುಟುಂಬಗಳಲ್ಲಿಯೂ ಲೆಕ್ಕ ಹರಿದುಹೋಗುವ ಒಂದು ಸಂದರ್ಭ ಕನ್ನಡನಾಡಿನ ಮನೆಮನೆಗೂ ಪರಿಚಿತ. ಅದು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆ. ಬಸುರಿಯ ನೋಂದಣಿಯೂ ತಾಯಿ ಕಾರ್ಡೂ ಗಂಡನ ಊರಿನ ಉಪಕೇಂದ್ರದಲ್ಲಾಗುತ್ತವೆ. ಹೆರಿಗೆಯೂ ಹುಟ್ಟಿದ ದಿನದ ಡೋಸುಗಳೂ ತವರಿನ ತಾಲ್ಲೂಕು ಆಸ್ಪತ್ರೆಯಲ್ಲಾಗುತ್ತವೆ. ಮೂರರಿಂದ ಐದು ತಿಂಗಳ ಬಾಣಂತನದಲ್ಲಿ ಪೆಂಟಾವೇಲೆಂಟ್‌ನ ಮೂರೂ ಡೋಸುಗಳನ್ನು ತವರೂರಿನ ಎಎನ್‌ಎಂ ಹಾಕುತ್ತಾಳೆ. ತೊಟ್ಟಿಲ ಮಗು ಅಪ್ಪನ ಊರಿಗೆ ಮರಳಿದ ಮೇಲೆ ದಡಾರದ ಚುಚ್ಚುಮದ್ದಿನ ಹೊಣೆ ಅಲ್ಲಿನವಳದು. ಯಾರೊಬ್ಬರೂ ಕರ್ತವ್ಯದಲ್ಲಿ ತಪ್ಪಿಲ್ಲ, ಮಗುವೂ ಲಸಿಕೆಯಿಂದ ತಪ್ಪಿಸಿಕೊಂಡಿಲ್ಲ. ಆದರೂ ಗಂಡನ ಊರಿನ ರಿಜಿಸ್ಟರಿನಲ್ಲಿ ಆ ಸಾಲು ಖಾಲಿಯಾಗಿಯೂ ತವರಿನ ರಿಜಿಸ್ಟರಿನಲ್ಲಿ ಅರ್ಧಕ್ಕೆ ನಿಂತಂತೆಯೂ ಕಾಣುತ್ತದೆ. ಹೀಗೆ ಒಂದೇ ಮಗು ಒಂದು ಕಡೆ ಹೊರಗುಳಿದವರ ಪಟ್ಟಿಗೂ ಇನ್ನೊಂದು ಕಡೆ ನಡುವೆ ಬಿಟ್ಟವರ ಪಟ್ಟಿಗೂ ಸೇರುತ್ತದೆ.

ದಾಖಲೆ ಅಸ್ಪಷ್ಟವಾದರೆ ಆಗುವ ನಷ್ಟ ಲೆಕ್ಕಪುಸ್ತಕಕ್ಕೆ ಸೀಮಿತವಾಗುವುದಿಲ್ಲ. ಪೆಂಟಾವೇಲೆಂಟ್‌ನ ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು. ಅಂತರ ಹೆಚ್ಚಾದರೆ ಸರಣಿಯನ್ನು ಮೊದಲಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಆದರೆ ಎಲ್ಲಿ ನಿಂತಿದೆ ಎಂಬುದೇ ತಿಳಿಯದಿದ್ದಾಗ ಕಾರ್ಯಕರ್ತೆ ತಾಯಿಯ ನೆನಪನ್ನು ಕೇಳುತ್ತಾಳೆ, ತೋಳಿನ ಕಲೆಯನ್ನು ನೋಡುತ್ತಾಳೆ, ಉಳಿದುದಕ್ಕೆ ಊಹೆಯನ್ನು ನೆಚ್ಚುತ್ತಾಳೆ. ಮಗುವಿಗೆ ಒಂದೋ ಬೇಡದ ಡೋಸ್ ಸಿಗುತ್ತದೆ, ಇಲ್ಲವೇ ಬೇಕಾದ ಡೋಸ್ ತಪ್ಪುತ್ತದೆ. ಇದಕ್ಕೆ ಸೀಸೆಯ ಲೆಕ್ಕವೂ ಕೂಡಿಕೊಳ್ಳುತ್ತದೆ. ಲಸಿಕೆಗಳನ್ನು ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ನಡುವೆ ಕಾಪಾಡಬೇಕಾದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಲ ಪೆಟ್ಟಿಗೆಯಿಂದ ತೆಗೆದ ಸೀಸೆಗಳು ನಾಲ್ಕು ಐಸ್ ಪ್ಯಾಕುಗಳ ವ್ಯಾಕ್ಸಿನ್ ಕ್ಯಾರಿಯರಿನಲ್ಲಿ ಹಾಡಿ ತಲುಪುತ್ತವೆ. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಸೀಸೆಯನ್ನು ಒಮ್ಮೆ ಬೆರೆಸಿದರೆ ನಾಲ್ಕು ಗಂಟೆಯೊಳಗೆ ಬಳಸಿ ಉಳಿದುದನ್ನು ಚೆಲ್ಲಬೇಕು. ಅಂದು ಎಷ್ಟು ಮಕ್ಕಳು ಬರಬೇಕಾಗಿದೆ ಎಂಬ ಖಚಿತ ಪಟ್ಟಿ ಮುಂಚಿತವಾಗಿ ಕೈಯಲ್ಲಿದ್ದರೆ ಮಾತ್ರ ಎಷ್ಟು ಸೀಸೆ ಒಯ್ಯಬೇಕೆಂದು ನಿರ್ಧರಿಸಲು ಸಾಧ್ಯ. ಒಂದೇ ಮಗು ಬಂದಿದೆಯೆಂದು ಸೀಸೆ ತೆರೆಯಲು ಹಿಂಜರಿದು ಮುಂದಿನ ತಿಂಗಳು ಬಾ ಎಂದು ಕಳುಹಿಸಿದರೆ, ಬೆಟ್ಟ ಇಳಿದು ಬಂದ ಆ ತಾಯಿ ಕೂಲಿ ಬಿಟ್ಟು ಮತ್ತೆ ಬರುವಳೆಂಬ ಭರವಸೆ ಇರುವುದಿಲ್ಲ.

ಗುರುತಿನ ಪ್ರಶ್ನೆ

ಹಂಚಿಕೆಯ ದಾಖಲೆಗೆ ಬೇಕಾದ ವಿವರಗಳು ನಿಜಕ್ಕೂ ಕಡಿಮೆ: ಮಗುವಿನ ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ, ತಾಯಿಯ ಹೆಸರು, ಊರು, ಸಂಪರ್ಕದ ಬಗೆ, ಪ್ರತಿ ಡೋಸಿಗೆ ಲಸಿಕೆಯ ಹೆಸರು, ದಿನಾಂಕ, ಸ್ಥಳ ಮತ್ತು ಸೀಸೆಯ ಬ್ಯಾಚ್ ಸಂಖ್ಯೆ. ಬ್ಯಾಚ್ ಸಂಖ್ಯೆ ಏಕೆಂದರೆ, ಯಾವುದೇ ಬ್ಯಾಚಿನ ಬಗ್ಗೆ ಸಂಶಯ ಬಂದಾಗ ಅದನ್ನು ಪಡೆದ ಮಕ್ಕಳನ್ನು ಕೂಡಲೇ ಗುರುತಿಸಬಹುದು. ಕಷ್ಟವಿರುವುದು ಈ ವಿವರಗಳನ್ನು ಬರೆಯುವುದರಲ್ಲಿ ಅಲ್ಲ. ಎರಡು ಊರುಗಳಲ್ಲಿ ಬರೆದ ಎರಡು ಸಾಲುಗಳು ಒಂದೇ ಮಗುವಿನವು ಎಂದು ತೀರ್ಮಾನಿಸುವುದರಲ್ಲಿ.

ಹುಟ್ಟಿದ ದಿನ ಮಗುವಿಗೆ ಹೆಸರಿರುವುದಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಅದು ತಾಯಿಯ ಹೆಸರಿನ ಹಿಂದೆ ‘ಬೇಬಿ ಆಫ್’ ಎಂದು ಸೇರಿಸಿದ ಗುರುತಾಗಿರುತ್ತದೆ. ನಾಮಕರಣದ ಬಳಿಕ ಬೇರೆ ಹೆಸರು, ಮನೆಯಲ್ಲಿ ಕರೆಯುವ ಹೆಸರು ಮತ್ತೊಂದು, ಶಾಲೆಗೆ ಸೇರಿಸುವಾಗ ಮಗದೊಂದು. ಒಂದೇ ಹಾಡಿಯಲ್ಲಿ ಮಾದಮ್ಮ, ಕೇತಮ್ಮ ಎಂಬ ಹೆಸರಿನವರು ಹಲವರಿರುತ್ತಾರೆ. ಅವಳಿ ಮಕ್ಕಳಿಗೆ ತಾಯಿಯ ಹೆಸರೂ ಹುಟ್ಟಿದ ದಿನವೂ ಒಂದೇ. ಮೊಬೈಲ್ ಸಂಖ್ಯೆಯನ್ನೇ ಗುರುತಾಗಿ ಹಿಡಿಯುವ ಕ್ರಮವೂ ಇಲ್ಲಿ ಕೈಕೊಡುತ್ತದೆ. ಮನೆಗೊಂದೇ ಫೋನಿದ್ದರೆ ಅದು ದುಡಿಯಲು ಹೋದ ಅಪ್ಪನ ಜೇಬಿನಲ್ಲಿರುತ್ತದೆ, ಸಿಮ್ ಪದೇ ಪದೇ ಬದಲಾಗುತ್ತದೆ, ಒಟಿಪಿ ಬಂದರೂ ಅದನ್ನು ಓದಿ ಹೇಳುವವರು ಮಗುವಿನ ಬಳಿ ಇರುವುದಿಲ್ಲ. ನವಜಾತ ಶಿಶುವಿಗೆ ಆಧಾರ್ ಇರುವುದೂ ಅಪರೂಪ.

ಈ ಕಾರಣಗಳಿಂದ ಗುರುತು ಒಂದೇ ಕೊಂಡಿಯ ಮೇಲೆ ನಿಲ್ಲದೆ ಹಲವು ಕೊಂಡಿಗಳ ಮೇಲೆ ನಿಲ್ಲುವುದು ಕ್ಷೇಮ. ಗರ್ಭಿಣಿಯಾಗಿದ್ದಾಗಲೇ ತಾಯಿಗೆ ಸಿಗುವ ನೋಂದಣಿ ಸಂಖ್ಯೆಗೆ ಮಗುವನ್ನು ಬೆಸೆಯುವುದು ಇವುಗಳಲ್ಲಿ ಅತ್ಯಂತ ಸಹಜವಾದುದು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ಆಗಬೇಕಾದ ಜನನ ನೋಂದಣಿ, ಕರ್ನಾಟಕದಲ್ಲಿ ಇ-ಜನ್ಮ ತಂತ್ರಾಂಶದ ಮೂಲಕ ನಡೆಯುವುದು, ಎರಡನೆಯ ಕೊಂಡಿ. ತಾಯಿ ಕಾರ್ಡಿನ ಮೇಲೆ ಅಂಟಿಸಿದ ಕ್ಯೂಆರ್ ಸಂಕೇತ ಮೂರನೆಯದು. ನೆಟ್‌ವರ್ಕ್ ಇಲ್ಲದ ಕಡೆಯೂ ಟ್ಯಾಬ್ಲೆಟ್ಟಿನ ಕ್ಯಾಮೆರಾ ಅದನ್ನು ಓದಬಲ್ಲದು. ಎರಡು ಸಾಲುಗಳು ಒಂದೇ ಮಗುವಿನದೆಂದು ತಂತ್ರಾಂಶಕ್ಕೆ ಸಂಶಯ ಬಂದಾಗ ತಾನೇ ವಿಲೀನಗೊಳಿಸದೆ ಎಎನ್‌ಎಂ ಅಥವಾ ಆಶಾ ಕಾರ್ಯಕರ್ತೆಯ ತೀರ್ಪಿಗೆ ಬಿಡಬೇಕು. ಆ ಊರಿನ ಕೇತಮ್ಮಂದಿರನ್ನು ಬೇರ್ಪಡಿಸಿ ಬಲ್ಲವರು ಅವರೇ.

ನೆಟ್‌ವರ್ಕ್ ಇಲ್ಲದ ಊರಿನಲ್ಲಿ

ಕಾಡಂಚಿನ ಊರುಗಳಿಗೆ ರೂಪಿಸುವ ವ್ಯವಸ್ಥೆ ನೆಟ್‌ವರ್ಕ್ ಇಲ್ಲವೆಂದೇ ಭಾವಿಸಿ ಆರಂಭವಾಗಬೇಕು. ಬಹುಕಡೆ ಲಸಿಕೆಯ ದಿನವಾಗಿರುವ ಗುರುವಾರಕ್ಕೆ ಮುಂಚೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಪರ್ಕ ಸಿಕ್ಕಾಗ, ಆ ವಾರ ಹೋಗಬೇಕಾದ ಊರಿನ ಮಕ್ಕಳ ವಿವರ ಟ್ಯಾಬ್ಲೆಟ್ಟಿಗೆ ಇಳಿದಿರಬೇಕು. ಹಾಡಿಯಲ್ಲಿ ಬರೆದುದು ಅದರಲ್ಲೇ ಭದ್ರವಾಗಿ ಉಳಿದು, ಮರಳಿ ಸಂಪರ್ಕ ಸಿಕ್ಕೊಡನೆ ತಾನಾಗಿ ಕೇಂದ್ರದ ದಾಖಲೆಗೆ ಸೇರಬೇಕು. ಹೀಗೆ ಎರಡು ಕಡೆಯ ಬರಹಗಳನ್ನು ಹೊಂದಿಸುವುದಕ್ಕೆ ಸಿಂಕ್ ಎನ್ನುತ್ತಾರೆ. ಇಲ್ಲಿ ಪಾಲಿಸಬೇಕಾದ ಮುಖ್ಯ ಸೂತ್ರವೆಂದರೆ ಪ್ರತಿ ಡೋಸನ್ನೂ ದಿನಾಂಕ, ಸ್ಥಳ ಮತ್ತು ಬರೆದವರ ಹೆಸರಿರುವ ಪ್ರತ್ಯೇಕ ಘಟನೆಯಾಗಿ ಸೇರಿಸುತ್ತ ಹೋಗಬೇಕು, ಹಳೆಯದನ್ನು ಅಳಿಸಿ ಬರೆಯಬಾರದು. ತಪ್ಪಾದರೆ ತಿದ್ದುಪಡಿಯೂ ಹೊಸ ನಮೂದಾಗಿಯೇ ಸೇರಬೇಕು. ಆಗ ತವರಿನ ಟ್ಯಾಬ್ಲೆಟ್ಟೂ ಗಂಡನ ಊರಿನ ಟ್ಯಾಬ್ಲೆಟ್ಟೂ ಬೇರೆ ಬೇರೆ ದಿನ ಸಿಂಕ್ ಆದರೂ ಒಂದರ ಬರಹವನ್ನು ಇನ್ನೊಂದು ನುಂಗಿಹಾಕುವ ಅಪಾಯ ಇರುವುದಿಲ್ಲ.

ಇದರಲ್ಲಿ ಕಾಗದದ ಕಾರ್ಡಿನ ಸ್ಥಾನವೇನೆಂಬ ಪ್ರಶ್ನೆ ಏಳುತ್ತದೆ. ಬ್ಯಾಂಕಿನ ಲೆಡ್ಜರ್ ಎಷ್ಟೇ ಭದ್ರವಾಗಿದ್ದರೂ ಗಿರಾಕಿಯ ಕೈಯಲ್ಲಿರುವ ಪಾಸ್‌ಬುಕ್ಕಿಗೆ ತನ್ನದೇ ಬೆಲೆಯಿರುವಂತೆ, ಕೇಂದ್ರದ ದಾಖಲೆ ಬಂದ ಮೇಲೂ ತಾಯಿಯ ಕೈಯಲ್ಲಿನ ಕಾರ್ಡಿಗೆ ಬೆಲೆ ಉಳಿಯುತ್ತದೆ. ಟ್ಯಾಬ್ಲೆಟ್ ಕೆಟ್ಟರೂ, ರಾಜ್ಯದ ಗಡಿ ದಾಟಿದರೂ, ಬೇರೆ ತಂತ್ರಾಂಶದ ಖಾಸಗಿ ಆಸ್ಪತ್ರೆಗೆ ಹೋದರೂ ಓದಲು ಸಿಗುವುದು ಅದೊಂದೇ. ಮಗುವಿನ ಆರೋಗ್ಯದ ಲೆಕ್ಕವನ್ನು ತಾಯಿ ತಾನೇ ನೋಡಿ, ಕೇಳಿ, ಪ್ರಶ್ನಿಸಲು ಸಾಧ್ಯವಾಗುವುದೂ ಅದರಿಂದಲೇ.

ಹೊರಗಿನ ಅನುಭವಗಳು ಈ ವಿಷಯದಲ್ಲಿ ಬೆಳಕು ಚೆಲ್ಲುತ್ತವೆ. ನಾರ್ವೆ ದೇಶದಲ್ಲಿ ಸಿಸ್ವಾಕ್ ಎಂಬ ರಾಷ್ಟ್ರೀಯ ಲಸಿಕಾ ದಾಖಲೆ 1995ರಿಂದ ದೇಶವ್ಯಾಪಿಯಾಗಿದೆ. ಆಸ್ಟ್ರೇಲಿಯಾ 1996ರಲ್ಲಿ ಮಕ್ಕಳ ಲಸಿಕಾ ದಾಖಲೆಯನ್ನು ಆರಂಭಿಸಿ, 2016ರಲ್ಲಿ ಅದನ್ನು ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಆದರೆ ಹುಟ್ಟಿದೊಡನೆ ಗುರುತಿನ ಸಂಖ್ಯೆ ಸಿಗುವ ನಾರ್ವೆಯಂಥ ಶ್ರೀಮಂತ ದೇಶದ ಅನುಕೂಲ ಎಲ್ಲೆಡೆ ಇರುವುದಿಲ್ಲ. ಟಾಂಜಾನಿಯಾ ಮತ್ತು ಜಾಂಬಿಯಾ ದೇಶಗಳ ಸರ್ಕಾರಗಳು ಪಾತ್ ಎಂಬ ಸಂಸ್ಥೆಯ ಜೊತೆಗೂಡಿ 2013ರಲ್ಲಿ ಆರಂಭಿಸಿದ ಲಸಿಕಾ ದತ್ತಾಂಶ ಸುಧಾರಣೆಯ ಯತ್ನ ನಮಗೆ ಹೆಚ್ಚು ಹತ್ತಿರದ್ದು. ಟ್ಯಾಬ್ಲೆಟ್ ಬಂದ ಮೇಲೂ ಕಾಗದದ ವರದಿ ನಿಲ್ಲದೆ ದಾದಿಯರು ಒಂದೇ ವಿವರವನ್ನು ಎರಡೆರಡು ಬಾರಿ ಬರೆಯಬೇಕಾದುದು ಅಲ್ಲಿ ಕಂಡ ದೊಡ್ಡ ತೊಡಕು. ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಖುಷಿ ಬೇಬಿ ಸಂಸ್ಥೆ ಮಗುವಿನ ಕೊರಳಿಗೆ ಕಟ್ಟುವ ಕಪ್ಪು ದಾರದ ಪದಕದೊಳಗೆ ಚಿಪ್ ಇಟ್ಟು, ಫೋನನ್ನು ಅದರ ಬಳಿ ಹಿಡಿದರೆ ಲಸಿಕೆಯ ವಿವರ ಮೂಡುವಂತೆ ಮಾಡಿತ್ತು. ದೃಷ್ಟಿ ತಾಗದಿರಲೆಂದು ಕರಿದಾರ ಕಟ್ಟುವ ಪದ್ಧತಿ ಅಲ್ಲಿ ಮೊದಲೇ ಇದ್ದುದರಿಂದ ಪದಕ ತಾಯಂದಿರಿಗೆ ಅಪರಿಚಿತವಾಗಿ ತೋರಲಿಲ್ಲ. ತಂತ್ರಜ್ಞಾನ ಜನರ ರೂಢಿಯನ್ನು ಅರಿತು ಬಂದಾಗ ಅದಕ್ಕೆ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಭಾರತ ನಡೆದ ಹಾದಿ

ಭಾರತದಲ್ಲಿ ಈ ಕೆಲಸ ಹಂತಹಂತವಾಗಿ ಬೆಳೆದಿದೆ. ಗರ್ಭಿಣಿಯರನ್ನೂ ಮಕ್ಕಳನ್ನೂ ಹೆಸರು ಹಿಡಿದು ಹಿಂಬಾಲಿಸುವ ತಾಯಿ-ಮಗು ಜಾಡು ವ್ಯವಸ್ಥೆ 2009ರಲ್ಲಿ ಆರಂಭವಾಗಿ, ಮುಂದೆ ಆರ್‌ಸಿಎಚ್ ಪೋರ್ಟಲ್ ಆಗಿ ಪರಿಷ್ಕೃತವಾಯಿತು. ಎಎನ್‌ಎಂಗಳು ಸ್ಥಳದಲ್ಲೇ ವಿವರ ತುಂಬಲೆಂದು ಅನಮೋಲ್ ಎಂಬ ಟ್ಯಾಬ್ಲೆಟ್ ಆ್ಯಪ್ ಬಂದಿತು. 2015ರಿಂದ ಹರಡಿದ ಇ-ವಿನ್ ವ್ಯವಸ್ಥೆ ಲಸಿಕೆಯ ದಾಸ್ತಾನನ್ನೂ ಶೀತಲ ಪೆಟ್ಟಿಗೆಗಳ ಉಷ್ಣತೆಯನ್ನೂ ಗಮನಿಸುತ್ತದೆ. ಅದು ಕಾಯುವುದು ಸೀಸೆಯನ್ನು, ಮಗುವನ್ನಲ್ಲ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಗಾಗಿ ಆರಂಭವಾದ ಕೋವಿನ್, ಯಾವ ಊರಿನಲ್ಲಿ ಡೋಸ್ ಪಡೆದರೂ ಒಂದೇ ಪ್ರಮಾಣಪತ್ರದಲ್ಲಿ ಸೇರುವಂತೆ ಮಾಡಬಹುದೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟಿತು. ಅದೇ ಮಾದರಿಯನ್ನು ಮಕ್ಕಳ ಲಸಿಕೆಗೆ ಒಗ್ಗಿಸಿದ ಯು-ವಿನ್ 2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ಅನಂತರ ಉಳಿದ ಕಡೆಗೂ ವಿಸ್ತರಿಸಿತು. ಗರ್ಭಿಣಿಯ ಹಾಗೂ ಮಗುವಿನ ನೋಂದಣಿ, ದೇಶದ ಯಾವ ಕೇಂದ್ರದಲ್ಲಾದರೂ ಮುಂದಿನ ಡೋಸ್ ಪಡೆಯುವ ಅವಕಾಶ, ಡಿಜಿಟಲ್ ಪ್ರಮಾಣಪತ್ರ, ಕಾರ್ಯಕರ್ತೆಯರಿಗೆ ಬಾಕಿ ಮಕ್ಕಳ ಪಟ್ಟಿ ಇವು ಅದರ ಉದ್ದೇಶಗಳು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು ದೇಶದಲ್ಲಿ ಶೇ 62ರಷ್ಟಿದ್ದರು. 2019-21ರ ಐದನೆಯ ಸುತ್ತಿನಲ್ಲಿ ಆ ಪ್ರಮಾಣ ಶೇ 76.4ಕ್ಕೆ ಏರಿತು. ಕರ್ನಾಟಕದಲ್ಲಿ ಏರಿಕೆ ಇನ್ನೂ ಹೆಚ್ಚು, ಶೇ 62.6ರಿಂದ ಶೇ 84.1ಕ್ಕೆ. 2014ರ ಡಿಸೆಂಬರಿನಲ್ಲಿ 201 ಜಿಲ್ಲೆಗಳನ್ನು ಆಯ್ದುಕೊಂಡು ಆರಂಭವಾದ ಇಂದ್ರಧನುಷ್ ಅಭಿಯಾನ, ತಪ್ಪಿಹೋದ ಮಕ್ಕಳನ್ನು ಮನೆಮನೆಗೆ ಹೋಗಿ ಪಟ್ಟಿ ಮಾಡುವ ಕ್ರಮಕ್ಕೆ ಒತ್ತು ಕೊಟ್ಟಿತ್ತು. ಆದರೂ ರಾಜ್ಯದಲ್ಲಿ ನೂರಕ್ಕೆ ಹದಿನಾರು ಮಕ್ಕಳು ಪೂರ್ಣ ರಕ್ಷಣೆಯಿಂದ ಹೊರಗಿದ್ದರೆಂಬುದೂ, ಅತಿ ವೇಗವಾಗಿ ಹರಡುವ ದಡಾರವನ್ನು ತಡೆಯಲು ಶೇ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಸಿಗಬೇಕೆಂಬುದೂ ಗಮನದಲ್ಲಿರಬೇಕು. ಹೊರಗುಳಿದ ಮಕ್ಕಳು ನಾಡಿನಲ್ಲಿ ಸಮನಾಗಿ ಹರಡಿರದೆ ಕೆಲವೇ ಹಾಡಿ, ತಾಂಡಾ, ಕೊಳೆಗೇರಿಗಳಲ್ಲಿ ಗುಂಪಾಗಿದ್ದರೆ ರೋಗ ಅಲ್ಲಿ ಸುಲಭವಾಗಿ ಬೇರೂರುತ್ತದೆ.

ದಾಖಲೆ ಯಾರದು?

ಒಂದೆಡೆ ಕೂಡಿದ ಮಾಹಿತಿ ಉಪಕಾರಿಯಾಗುವಷ್ಟೇ ಅಪಾಯಕಾರಿಯೂ ಆಗಬಲ್ಲದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟಿನಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು; 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ವಿಶೇಷ ರಕ್ಷಣೆಯನ್ನು ಹೇಳುತ್ತದೆ. ಬಸುರಿಯ ದಾಖಲೆಯಲ್ಲಿ ಹಿಂದಿನ ಗರ್ಭಪಾತ, ರಕ್ತಪರೀಕ್ಷೆಯ ಫಲಿತಾಂಶ ಮೊದಲಾದ ಸೂಕ್ಷ್ಮ ವಿಷಯಗಳಿರುತ್ತವೆ. ಮಗುವಿಗೆ ಹನಿ ಹಾಕುವವರು ಅವನ್ನೆಲ್ಲ ನೋಡಬೇಕಾದ ಅಗತ್ಯವಿಲ್ಲ. ಆದುದರಿಂದ ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕಾಣಿಸಬೇಕು. ಯಾರು ಯಾವಾಗ ನೋಡಿದರೆಂಬುದು ದಾಖಲಾಗಬೇಕು. ತಾಯಿಗೆ ಅವಳ ನುಡಿಯಲ್ಲಿಯೇ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಈ ದಾಖಲೆಯಲ್ಲಿ ಹೆಸರಿಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಲಸಿಕೆಯನ್ನಾಗಲಿ ಅಂಗನವಾಡಿಯ ಆಹಾರವನ್ನಾಗಲಿ ನಿರಾಕರಿಸಕೂಡದು. ಆಧಾರ್ ಇಲ್ಲದ, ಫೋನ್ ಇಲ್ಲದ, ಕಾರ್ಡ್ ಕಳೆದುಕೊಂಡ ಮಗುವೇ ವಾಸ್ತವವಾಗಿ ಈ ವ್ಯವಸ್ಥೆಗೆ ಮೊದಲ ಹಕ್ಕುದಾರ.

ಕಟ್ಟುವ ಕ್ರಮ

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಹಂಚಿಕೆಯ ದಾಖಲೆಯನ್ನು ನೆಲೆಗೊಳಿಸಲು ಮೊದಲು ಆಗಬೇಕಾದದ್ದು ಮನೆಮನೆ ಎಣಿಕೆ. ಪಲ್ಸ್ ಪೋಲಿಯೊ ಕಾಲದಲ್ಲಿ ಇಟ್ಟಿಗೆ ಗೂಡು, ಕಟ್ಟಡದ ನಿವೇಶನ, ಅಲೆಮಾರಿಗಳ ಬಿಡಾರಗಳನ್ನೂ ಬಿಡದೆ ಪಟ್ಟಿ ಮಾಡಿ, ತಲುಪಿದ ಮನೆಗಳ ಬಾಗಿಲಿಗೆ ಸೀಮೆಸುಣ್ಣದ ಗುರುತು ಹಾಕಿ, ಹನಿ ಪಡೆದ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿದ ಶಿಸ್ತೇ ಭಾರತವನ್ನು 2014ರ ಮಾರ್ಚಿನಲ್ಲಿ ಪೋಲಿಯೊ ಮುಕ್ತವೆಂದು ದೃಢೀಕರಿಸುವ ಹಂತಕ್ಕೆ ಒಯ್ದಿತು. ಆ ಎಣಿಕೆಯ ಶಿಸ್ತಿಲ್ಲದೆ ಕಟ್ಟಿದ ಡಿಜಿಟಲ್ ದಾಖಲೆ, ಈಗಾಗಲೇ ತಲುಪಿದ ಮಕ್ಕಳನ್ನೇ ಮತ್ತೆ ಅಂದವಾಗಿ ತೋರಿಸುತ್ತದೆ. ಎರಡನೆಯದಾಗಿ ಹಳೆಯ ರಿಜಿಸ್ಟರ್, ಪ್ರತಿಚೀಟಿ, ಅಂಗನವಾಡಿಯ ಪಟ್ಟಿ, ತಾಯಂದಿರ ಕಾರ್ಡುಗಳನ್ನು ಒಂದರೊಡನೊಂದು ತಾಳೆ ನೋಡಿ, ಎರಡು ವರ್ಷದೊಳಗಿನ ಪ್ರತಿ ಮಗುವಿನ ನಿಜಸ್ಥಿತಿಯನ್ನು ಒಮ್ಮೆ ಖಚಿತಪಡಿಸಬೇಕು. ಮೂರನೆಯದಾಗಿ ಖಾಸಗಿ ಆಸ್ಪತ್ರೆಗಳು, ತೋಟದ ದವಾಖಾನೆಗಳು, ಸ್ವಯಂಸೇವಾ ಸಂಸ್ಥೆಗಳ ಆಸ್ಪತ್ರೆಗಳು ಅದೇ ದಾಖಲೆಗೆ ಬರೆಯುವ ಒಪ್ಪಂದಕ್ಕೆ ಬರಬೇಕು. ನಾಲ್ಕನೆಯದಾಗಿ, ಒಮ್ಮೆ ಬರೆದುದನ್ನು ಮತ್ತೆ ಬರೆಯುವ ಹೊರೆ ತಪ್ಪಬೇಕು. ಸ್ಥಳದಲ್ಲಿ ನಮೂದಾದ ಡೋಸಿನಿಂದಲೇ ಟ್ಯಾಲಿ ಶೀಟು, ಮಾಸಿಕ ವರದಿ, ಮುಂದಿನ ವಾರದ ಬಾಕಿ ಪಟ್ಟಿ ಮೂರೂ ತಾವಾಗಿ ಮೂಡಬೇಕು, ಮತ್ತು ಅವು ಸರಿಯಾಗಿ ಮೂಡುತ್ತಿವೆಯೆಂದು ಕೆಲವು ತಿಂಗಳು ಖಚಿತವಾದ ಮೇಲೆ ಹಳೆಯ ರಿಜಿಸ್ಟರುಗಳನ್ನು ಆದೇಶ ಹೊರಡಿಸಿಯೇ ನಿಲ್ಲಿಸಬೇಕು. ಐದನೆಯದಾಗಿ, ಆಗಾಗ ಕೆಲವು ಮನೆಗಳಿಗೆ ಹೋಗಿ ಕಾರ್ಡನ್ನೂ ಕೇಂದ್ರದ ದಾಖಲೆಯನ್ನೂ ಹೋಲಿಸಿ ನೋಡಬೇಕು. ಆದರೆ ಕಂಡ ತಪ್ಪಿಗೆ ನೋಟಿಸ್ ಕೊಡುವ ಕ್ರಮ ಬಂದರೆ, ಮುಂದಿನ ಸಲ ದಾಖಲೆಯಲ್ಲಿ ತಪ್ಪುಗಳು ಕಡಿಮೆಯಾಗುವುದಿಲ್ಲ, ಕಾಣದಂತೆ ಮಾಡಲಾಗುತ್ತದೆ ಅಷ್ಟೇ.

ಕೆಳಹಂತದ ಕಾರ್ಯಕರ್ತೆಯರ ಶ್ರಮವನ್ನು ಪುಕ್ಕಟೆಯೆಂದು ಭಾವಿಸಿದ ಯಾವ ವ್ಯವಸ್ಥೆಯೂ ಹೆಚ್ಚು ಕಾಲ ನಿಂತಿಲ್ಲ. ಸಂಭಾವನೆಯ ವಿಷಯದಲ್ಲಿ ಬೀದಿಗಿಳಿದು ಹೋರಾಡಬೇಕಾಗಿ ಬಂದಿರುವ ಆಶಾ ಕಾರ್ಯಕರ್ತೆಯರಿಗೆ ಮತ್ತೊಂದು ಆ್ಯಪಿನ ಕೆಲಸವನ್ನು ಅವರದೇ ಫೋನು, ಅವರದೇ ಡೇಟಾದಲ್ಲಿ ಮಾಡಿರೆಂದು ಹೇಳುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಸಾಧನ, ತರಬೇತಿ, ಕೆಟ್ಟಾಗ ದುರಸ್ತಿ, ಕನ್ನಡದಲ್ಲಿ ತೆರೆಯುವ ಪರದೆ, ಗಡಿಭಾಗಗಳಲ್ಲಿ ಪಕ್ಕದ ರಾಜ್ಯದ ಭಾಷೆಯಲ್ಲಿಯೂ ಓದಬಹುದಾದ ಕಾರ್ಡು ಇವು ಯೋಜನೆಯ ಆರಂಭದಲ್ಲಿಯೇ ಖರ್ಚಿನ ಪಟ್ಟಿಗೆ ಸೇರಬೇಕು. ಬರೆಯುವವಳ ಕೆಲಸ ಹಗುರವಾದರೆ ಬರಹ ತಾನಾಗಿ ನಿಖರವಾಗುತ್ತದೆ; ಬರೆದುದರಿಂದ ತನಗೇ ಉಪಯೋಗವಿದೆಯೆಂದು ಕಂಡರೆ ಮೇಲಿನವರ ಒತ್ತಾಯವಿಲ್ಲದೆಯೂ ಅದು ಮುಂದುವರಿಯುತ್ತದೆ.

ಹಂಚಿಕೆಯ ದಾಖಲೆಯ ಯಶಸ್ಸನ್ನು ಅದರಲ್ಲಿ ಎಷ್ಟು ಲಕ್ಷ ಹೆಸರುಗಳು ಸೇರಿವೆ ಎಂಬುದರಿಂದ ಅಳೆಯುವ ಪ್ರವೃತ್ತಿ ಸುಲಭವಾಗಿ ಬೆಳೆಯುತ್ತದೆ. ಸರಿಯಾದ ಅಳತೆ ಬೇರೆಯೇ: ಕಳೆದ ವಾರ ಬಾಕಿ ಪಟ್ಟಿಯಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ವಾರ ಲಸಿಕೆ ಸಿಕ್ಕಿತೇ, ತವರಿನಿಂದ ಮರಳಿದ ಮಗುವಿನ ಹಿಂದಿನ ಡೋಸುಗಳು ಹೊಸ ಊರಿನ ಕಾರ್ಯಕರ್ತೆಗೆ ಮೊದಲ ಭೇಟಿಯಲ್ಲೇ ಕಂಡವೇ, ವಲಸೆ ಹೋದ ಮಗು ಹೋದ ಊರಿನ ಪಟ್ಟಿಯಲ್ಲಿ ತಿಂಗಳೊಳಗೆ ಕಾಣಿಸಿತೇ ಎಂಬ ಪ್ರಶ್ನೆಗಳು. ಈ ಮೂರಕ್ಕೂ ಉತ್ತರ ಹೌದೆಂದಾದರೆ ಅಂಕಿಗಳು ತಾವಾಗಿಯೇ ಏರುತ್ತವೆ. ಇಲ್ಲವೆಂದಾದರೆ ಎಷ್ಟೇ ದೊಡ್ಡ ಪೋರ್ಟಲ್ಲೂ ಮೇಲಿನವರಿಗೆ ಲೆಕ್ಕ ಒಪ್ಪಿಸುವ ಸಾಧನವಾಗಿ ಉಳಿಯುತ್ತದೆ. ಲಸಿಕೆಯ ದಾಖಲೆ ಇಲಾಖೆಯ ಆಸ್ತಿಯಲ್ಲ, ಮಗುವಿನ ಹಕ್ಕು ಎಂಬ ತಿಳಿವಳಿಕೆಯಿಂದ ಕೆಲಸ ಆರಂಭವಾದರೆ ಯಾರನ್ನು ಮೊದಲು ಎಣಿಸಬೇಕು, ಏನನ್ನು ಬರೆಯಬೇಕು, ಯಾರಿಗೆ ತೋರಿಸಬೇಕು ಎಂಬ ಎಲ್ಲ ತೀರ್ಮಾನಗಳಿಗೂ ಒಂದೇ ದಿಕ್ಕು ಸಿಗುತ್ತದೆ, ಮತ್ತು ಆ ದಿಕ್ಕು ಎಲ್ಲರಿಗಿಂತ ದೂರದ ಹಾಡಿಯಿಂದ ಆರಂಭವಾಗುತ್ತದೆ.